ನನ್ನ ರೂಪಾಯಿಗೆ ಎಲ್ಲಿ ಬದಲಿ ಇಲ್ಲ?

ಸಂಬಳದಲ್ಲಿ ಶೇ 10ರಷ್ಟು ದಾನ ಕೊಡಬೇಕು ಅಂತ ತೀರ್ಮಾನಿಸುವುದು ನನಗೆ ಅಷ್ಟೇನೂ ಕಷ್ಟ ಆಗಲಿಲ್ಲ. ಎಲ್ಲಿಗೆ ಕೊಡಬೇಕು ಅನ್ನುವುದೇ ತಲೆ ತಿಂದಿತು. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು, ಊರು ಸಾಗರದ ಕಡೆ. ಎಫೆಕ್ಟಿವ್ ಆಲ್ಟ್ರೂಯಿಸಂ ಅನ್ನುವ ಚಳವಳಿಯನ್ನು ಪರಿಚಯ ಮಾಡಿಸಿದ್ದು ಆಫೀಸಿನ ಒಬ್ಬ ಗೆಳೆಯ. ಒಳಗಿನವರು ಅದನ್ನು ಚುಟುಕಾಗಿ ಇಎ ಅಂತಾರೆ. ಕೊಡುವ ದುಡ್ಡಿಗೆ ಲೆಕ್ಕ ಇರಬೇಕು, ಅದೇ ದುಡ್ಡಿನಲ್ಲಿ ಎಲ್ಲಿ ಜಾಸ್ತಿ ಒಳ್ಳೆಯದಾಗುತ್ತದೋ ಅಲ್ಲಿಗೇ ಹೋಗಬೇಕು. ಅವರ ವಾದ ಇಷ್ಟೇ.

ಇದರ ಬೇರು ಇರುವುದು ನಮ್ಮ ಕಡೆಯ ಒಂದು ಸಂಕಟದಲ್ಲಿ. 1971ರಲ್ಲಿ ಪೂರ್ವ ಬಂಗಾಳದಿಂದ ಭಾರತಕ್ಕೆ ಲಕ್ಷಗಟ್ಟಲೆ ನಿರಾಶ್ರಿತರು ಬರುತ್ತಿದ್ದರು. ಅದನ್ನು ನೋಡಿ ತತ್ವಶಾಸ್ತ್ರದ ಮೇಷ್ಟ್ರು ಪೀಟರ್ ಸಿಂಗರ್ ಒಂದು ಲೇಖನ ಬರೆದರು. ಕಣ್ಣೆದುರು ಮಗು ಕೊಳದಲ್ಲಿ ಮುಳುಗುತ್ತಿದ್ದರೆ ಬಟ್ಟೆ ಹಾಳಾಗುತ್ತದೆ ಅಂತ ಸುಮ್ಮನೆ ನಿಲ್ಲುತ್ತೀರಾ? ಇಲ್ಲ ಅಂದಮೇಲೆ ದೂರದಲ್ಲಿ ಸಾಯುವ ಮಗುವಿಗೆ ಮಾತ್ರ ಬೇರೆ ನ್ಯಾಯ ಯಾಕೆ? ಲೇಖನ 1972ರಲ್ಲಿ ಅಚ್ಚಾಯಿತು. 2009ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಟೋಬಿ ಆರ್ಡ್ ಮತ್ತು ವಿಲ್ ಮ್ಯಾಕ್‌ಆಸ್ಕಿಲ್ ಶುರು ಮಾಡಿದ 'ಗಿವಿಂಗ್ ವಾಟ್ ವಿ ಕ್ಯಾನ್' ಸಂಸ್ಥೆಯ ಹತ್ತು ಪರ್ಸೆಂಟ್ ಪ್ರತಿಜ್ಞೆಯ ಹಿಂದೆ ಇರುವುದೂ ಇದೇ ಪ್ರಶ್ನೆ. ಈಗ ಇದರ ಚರ್ಚೆಯೆಲ್ಲ ನಡೆಯುವುದು ಆಕ್ಸ್‌ಫರ್ಡ್, ಸ್ಯಾನ್ ಫ್ರಾನ್ಸಿಸ್ಕೋಗಳಲ್ಲಿ. ನಿರಾಶ್ರಿತರ ಶಿಬಿರ ಇದ್ದ ದೇಶದವರು ಅಲ್ಲಿ ಕಮ್ಮಿ.

ಚಳವಳಿಯೊಳಗೆ ಹೊಕ್ಕು ನೋಡಿದರೆ ಎರಡು ಮನೆ. ಒಂದು ಮನೆಯವರು ಇವತ್ತಿನ ಬಡತನ, ರೋಗದ ಬಗ್ಗೆ ಲೆಕ್ಕ ಹಾಕುವವರು. ಯಾವ ದಾನದಿಂದ ಎಷ್ಟು ಫಲ ಅಂತ ಅಳೆಯುವ ಗಿವ್‌ವೆಲ್ ಸಂಸ್ಥೆಯ ಅಂದಾಜಿನಲ್ಲಿ ಒಳ್ಳೆಯ ಕಡೆ ಕೊಟ್ಟರೆ ಸುಮಾರು 3,000ದಿಂದ 5,500 ಡಾಲರ್‌ಗೆ ಒಂದು ಜೀವ ಉಳಿಯುತ್ತದೆ. ಸೊಳ್ಳೆಪರದೆ, ಮಲೇರಿಯಾ ಮಾತ್ರೆ, ವಿಟಮಿನ್ ಎ, ಲಸಿಕೆ ಇಂಥವು. ಇನ್ನೊಂದು ಮನೆಯವರಿಗೆ ಮುಂದೆ ಹುಟ್ಟಬೇಕಾದ ಕೋಟ್ಯಂತರ ಜನರ ಚಿಂತೆ. ಮನುಷ್ಯಕುಲವೇ ಅಳಿಯುವ ಅಪಾಯ ಇದ್ದರೆ ಅದನ್ನು ತಡೆಯುವುದೇ ಮೊದಲ ಕೆಲಸ ಅಲ್ವಾ ಅಂತ ಕೇಳುತ್ತಾರೆ. ಟೋಬಿ ಆರ್ಡ್ 2020ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಈ ಶತಮಾನದಲ್ಲಿ ಕೃತಕ ಬುದ್ಧಿಮತ್ತೆಯಿಂದ (ಎಐ) ಅಂಥ ದುರಂತ ಆಗುವ ಸಾಧ್ಯತೆ ಹತ್ತರಲ್ಲಿ ಒಂದು. ಇದು ಒರಟು ಅಂದಾಜು ಅಂತ ಅವರೇ ಹೇಳಿದ್ದಾರೆ. ಆದರೂ ಚರ್ಚೆಯಲ್ಲಿ ಆ ಸಂಖ್ಯೆ ಥರ್ಮಾಮೀಟರ್‌ನಲ್ಲಿ ನೋಡಿದ ಜ್ವರದ ಹಾಗೆ ಓಡಾಡುತ್ತದೆ.

ನನ್ನ ಗೆಳೆಯ ಎರಡನೇ ಮನೆಯವನು. ಪೂರಾ ದುಡ್ಡನ್ನು ಎಐ ಸುರಕ್ಷತೆಗೇ ಕೊಡು ಅಂತ ಅವನ ಹಟ. ಸಾಧ್ಯತೆ ಎಷ್ಟೇ ಸಣ್ಣದಿರಲಿ, ಪಣಕ್ಕಿಟ್ಟದ್ದು ಅಷ್ಟು ದೊಡ್ಡದಾದರೆ ಗುಣಿಸಿದಾಗ ಬರುವ ಉತ್ತರ ಅದೇ ಅನ್ನುತ್ತಾನೆ. ಗಣಿತ ಸರಿ. ಆದರೆ ಒಂದು ಕಡೆ ಕೋಟಿ ಕೋಟಿ ಜನರನ್ನು ಇಟ್ಟುಬಿಟ್ಟರೆ ಇನ್ನೊಂದು ಕಡೆ ಏನು ಇಟ್ಟರೂ ಸೋಲುತ್ತದೆ. ಯಾವಾಗಲೂ ಒಂದೇ ಉತ್ತರ ಕೊಡುವ ಲೆಕ್ಕದಿಂದ ನಾನು ಕಲಿಯುವುದು ಏನೂ ಇರುವುದಿಲ್ಲ.

ಹಾಗಾಗಿ ಪ್ರಶ್ನೆಯನ್ನೇ ಬದಲಾಯಿಸಿಕೊಂಡೆ. ಜಗತ್ತಿನಲ್ಲಿ ಯಾವುದು ಎಲ್ಲಕ್ಕಿಂತ ಮುಖ್ಯ ಅಂತ ಕೇಳುವುದನ್ನು ಬಿಟ್ಟೆ. ನಾನು ಕೊಡದಿದ್ದರೆ ಬೇರೆ ಯಾರೂ ಕೊಡಲಾರದ ಜಾಗ ಯಾವುದು ಅಂತ ಕೇಳಿದೆ. ಇಎಯವರ ಮೂರು ಅಳತೆಗಳಲ್ಲಿ ಇದೂ ಒಂದು. ಸಮಸ್ಯೆ ಎಷ್ಟು ದೊಡ್ಡದು, ಕೈ ಹಾಕಿದರೆ ಬಗೆಹರಿಯುವಂಥದ್ದಾ, ಬೇರೆಯವರು ಎಷ್ಟು ಗಮನ ಕೊಟ್ಟಿದ್ದಾರೆ ಅಂತ ಅವರು ನೋಡುತ್ತಾರೆ. ನಾನು ಮೂರನೆಯದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಅಲ್ಲಿಂದ ಚಿತ್ರ ಬದಲಾಯಿತು. ಎಐ ಅಪಾಯದ ಕ್ಷೇತ್ರಕ್ಕೆ ದೊಡ್ಡ ದುಡ್ಡಿನ ಕೊರತೆ ಇಲ್ಲ. ಫೇಸ್‌ಬುಕ್ ಸಹಸ್ಥಾಪಕ ಡಸ್ಟಿನ್ ಮೊಸ್ಕೊವಿಟ್ಜ್ ಮತ್ತು ಕ್ಯಾರಿ ಟುನಾ ದಂಪತಿಯ ಬೆಂಬಲ ಇರುವ, ಆಗ ಓಪನ್ ಫಿಲಾಂತ್ರಪಿ ಅಂತ ಹೆಸರಿದ್ದ ದಾನ ಸಂಸ್ಥೆ 2017ರಲ್ಲೇ, ಮುಂದೆ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐಗೆ 3 ಕೋಟಿ ಡಾಲರ್ ಅನುದಾನ ಘೋಷಿಸಿತ್ತು. ಜೊತೆಗೆ ಆಡಳಿತ ಮಂಡಳಿಯಲ್ಲಿ ಒಂದು ಕುರ್ಚಿಯೂ ಸಿಕ್ಕಿತು. ಒಳಗೆ ಕೂತು ಕಂಪನಿಯನ್ನು ತಿದ್ದುವುದು ಅವರ ಉದ್ದೇಶ. ಇದು ಕೆಲಸ ಮಾಡುತ್ತದಾ ಅನ್ನುವುದು ಚಳವಳಿಯೊಳಗಿನ ದೊಡ್ಡ ಜಗಳ. 2023ರ ನವೆಂಬರ್‌ನಲ್ಲಿ ಓಪನ್‌ಎಐ ಮಂಡಳಿ ಕಂಪನಿಯ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಅವರನ್ನು ತೆಗೆದುಹಾಕಿತು. ವಾರದೊಳಗೆ ಅವರು ವಾಪಸ್ ಬಂದರು. ತೆಗೆದವರಲ್ಲಿ ಹೆಚ್ಚಿನವರು ಹೊರಗೆ ಹೋದರು. ಒಳಗೆ ಕೂತರೆ ಹಿಡಿತ ಸಿಗುತ್ತದೆ ಅನ್ನುವ ವಾದಕ್ಕೆ ಅವತ್ತು ಬಿದ್ದ ಪೆಟ್ಟು ಇನ್ನೂ ಮಾಗಿಲ್ಲ ಅಂತ ನನ್ನ ಅನಿಸಿಕೆ. ಹೊರಗಿಂದ ಒತ್ತಡ ಹಾಕಬೇಕು, ಕಾನೂನು ಬೇಕು ಅನ್ನುವವರಿಗೂ ದಾರಿ ಸಲೀಸಾಗಲಿಲ್ಲ. ದೊಡ್ಡ ಎಐಗಳಿಗೆ ಸುರಕ್ಷತೆಯ ನಿಯಮ ಹಾಕಲು ಹೊರಟ ಕ್ಯಾಲಿಫೋರ್ನಿಯಾದ ಎಸ್‌ಬಿ 1047 ಮಸೂದೆ ಶಾಸನಸಭೆ ದಾಟಿತು. 2024ರ ಸೆಪ್ಟೆಂಬರ್‌ನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಅದನ್ನು ತಡೆದರು. ಅಪಾಯ ಅಪಾಯ ಅಂತ ಕೂಗುವವರೇ ಹೊಸ ಎಐ ಕಂಪನಿ ಕಟ್ಟುವುದು ಸರಿಯಾ ಅನ್ನುವ ಜಗಳವಂತೂ ಮುಗಿಯುವುದೇ ಇಲ್ಲ.

ಇದರ ನಡುವೆ 2022ರ ನವೆಂಬರ್‌ನಲ್ಲಿ ಕ್ರಿಪ್ಟೋ ಹಣದ ವಹಿವಾಟು ನಡೆಸುತ್ತಿದ್ದ ಎಫ್‌ಟಿಎಕ್ಸ್ ಕಂಪನಿ ಕುಸಿಯಿತು. ಅದನ್ನು ಕಟ್ಟಿದ, ಚಳವಳಿಯ ದೊಡ್ಡ ದಾನಿ ಅನ್ನಿಸಿಕೊಂಡಿದ್ದ ಸ್ಯಾಮ್ ಬ್ಯಾಂಕ್‌ಮನ್-ಫ್ರೈಡ್‌ಗೆ 2024ರಲ್ಲಿ 25 ವರ್ಷ ಜೈಲು ಆಯಿತು. ಒಬ್ಬಿಬ್ಬರ ಜೇಬನ್ನು ನಂಬಿಕೊಂಡ ಚಳವಳಿಗೆ ಏನಾಗುತ್ತದೆ ಅಂತ ಎಲ್ಲರಿಗೂ ಕಂಡಿತು. ಗೆಳೆಯ ಇದನ್ನೇ ಹಿಡಿದು, ಅದಕ್ಕೇ ಸಣ್ಣ ದಾನಿಗಳು ಬೇಕು ಅಂದ. ಮಾತು ಒಪ್ಪುವಂಥದ್ದೇ. ಆದರೆ ಆ ದುಡ್ಡಿನ ಸಮುದ್ರಕ್ಕೆ ನನ್ನ ರೂಪಾಯಿ ಹೋಗಿ ಬಿದ್ದರೆ ಸದ್ದೂ ಬರುವುದಿಲ್ಲ.

ಈಗ ಇಲ್ಲಿನ ಕಡೆ ನೋಡಿ. ಹೊರದೇಶದ ದುಡ್ಡು ಭಾರತದ ಸಂಸ್ಥೆಗೆ ಬರಬೇಕಾದರೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು, ಇಲ್ಲದಿದ್ದರೆ ಆ ದೇಣಿಗೆಗೆ ಸರ್ಕಾರದ ಪೂರ್ವಾನುಮತಿ ಬೇಕು. ನೋಂದಣಿ ಆಗಲು ಸಂಸ್ಥೆಗೆ ಮೂರು ವರ್ಷ ಆಗಿರಬೇಕು, ಆ ಅವಧಿಯಲ್ಲಿ 15 ಲಕ್ಷ ರೂಪಾಯಿ ಕೆಲಸಕ್ಕೆ ಖರ್ಚು ಮಾಡಿರಬೇಕು. 2020ರ ತಿದ್ದುಪಡಿ ಬಂದಮೇಲೆ ದೊಡ್ಡ ಸಂಸ್ಥೆ ಪಡೆದ ವಿದೇಶಿ ದುಡ್ಡನ್ನು ಸಣ್ಣ ಸಂಸ್ಥೆಗೆ ದಾಟಿಸುವ ಹಾಗೂ ಇಲ್ಲ. ಅಂದರೆ ತಾಲೂಕು ಮಟ್ಟದ ಸಣ್ಣ ಸಂಸ್ಥೆಗೆ ಕ್ಯಾಲಿಫೋರ್ನಿಯಾದ ಕೋಟ್ಯಧೀಶ ಮನಸ್ಸು ಮಾಡಿದರೂ ಹತ್ತು ಸಾವಿರವನ್ನೂ ಸುಲಭವಾಗಿ ಕೊಡಲಾರ. ನಾನು ಕೊಡಬಹುದು. ದಾನದ ವಿಚಾರದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ತಿಳುವಳಿಕೆ ಇದು. ಯಾವ ತತ್ವಶಾಸ್ತ್ರದ ಚರ್ಚೆಯಲ್ಲೂ ಇದು ಸಿಗಲಿಲ್ಲ, ಊರಿನ ಸಂಸ್ಥೆಯೊಂದರ ಲೆಕ್ಕ ಬರೆಯುವವರು ಹೇಳಿದರು. ಹೊರದೇಶದಲ್ಲಿರುವ ಕನ್ನಡಿಗರಿಗೂ ಒಂದು ಮಾತು. ಭಾರತದ ಪಾಸ್‌ಪೋರ್ಟ್ ಇನ್ನೂ ಇದ್ದರೆ ನಿಮ್ಮ ಉಳಿತಾಯದಿಂದ ಕೊಡುವ ದುಡ್ಡು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ತೆಗೆದುಕೊಂಡಿದ್ದರೆ, ಓಸಿಐ ಕಾರ್ಡ್ ಇದ್ದರೂ, ಆಗುತ್ತದೆ.

ಹೀಗೆ ನನ್ನ ದುಡ್ಡಿನ ದೊಡ್ಡ ಪಾಲು ಮಲೆನಾಡಿನಲ್ಲಿ ಹಾವು ಕಡಿತದ ಬಗ್ಗೆ ಕೆಲಸ ಮಾಡುವ ಸಣ್ಣ ಗುಂಪಿಗೆ ಹೋಗುತ್ತಿದೆ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆ ಅಂತ ಅಂದಾಜು. ಹೆಚ್ಚಿನವರು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಈ ಗುಂಪು ಮಾಡುವುದು ದೊಡ್ಡದೇನಲ್ಲ. ಯಾವ ಆಸ್ಪತ್ರೆಯಲ್ಲಿ ವಿಷನಿರೋಧಕ ಔಷಧ ಇದೆ ಅಂತ ವಿಚಾರಿಸಿಟ್ಟುಕೊಳ್ಳುತ್ತದೆ, ಗಾಡಿ ಹೊಂದಿಸುತ್ತದೆ, ನಾಟಿ ಔಷಧಿ ಅಂತ ಹೊತ್ತು ಕಳೆಯಬೇಡಿ ಅಂತ ಹೇಳಿ ಆಸ್ಪತ್ರೆಗೆ ಕಳಿಸುತ್ತದೆ. ಒಂದು ಜೀವಕ್ಕೆ ಎಷ್ಟು ಖರ್ಚು ಅಂತ ಕೇಳಿದರೆ ಗಿವ್‌ವೆಲ್ ಮೆಚ್ಚುವಂಥ ಉತ್ತರ ನನ್ನ ಹತ್ತಿರ ಇಲ್ಲ. ಅವರ ಹತ್ತಿರ ಇರುವುದು ಒಂದು ನೋಟ್‌ಬುಕ್. ಯಾರಿಗೆ ಕಚ್ಚಿತು, ಎಷ್ಟು ಗಂಟೆಗೆ, ಆಸ್ಪತ್ರೆ ಮುಟ್ಟಿದ್ದು ಯಾವಾಗ, ಬದುಕಿದರಾ. ನಾನು ಅದನ್ನು ವರ್ಷಕ್ಕೊಮ್ಮೆ ಕೂತು ಓದುತ್ತೇನೆ. ಕಚ್ಚಿದ ಹೊತ್ತಿಗೂ ಆಸ್ಪತ್ರೆ ಸೇರಿದ ಹೊತ್ತಿಗೂ ನಡುವಿನ ಸಮಯ ಕಮ್ಮಿ ಆಗುತ್ತಿದೆಯಾ ಅನ್ನುವುದೊಂದೇ ನಾನು ನೋಡುವ ಅಳತೆ.

ಇನ್ನೊಂದು ಪಾಲು ಸೊಳ್ಳೆಪರದೆಗೆ, ಆಫ್ರಿಕಾಗೆ. 2025ರಲ್ಲಿ ಅಮೆರಿಕ ಸರ್ಕಾರ ಹೊರದೇಶಗಳಿಗೆ ನೆರವು ಕೊಡುತ್ತಿದ್ದ ತನ್ನ ಸಂಸ್ಥೆ ಯುಎಸ್‌ಏಯ್ಡ್ ಬಾಗಿಲು ಮುಚ್ಚಿದಮೇಲೆ ಈ ಪಾಲನ್ನು ಹೆಚ್ಚಿಸಿದೆ. ಇಲ್ಲಿಂದ ಹೊರಗೆ ದುಡ್ಡು ಕಳಿಸುವುದು ಸ್ವಲ್ಪ ತಲೆನೋವು. ಹೊರದೇಶಕ್ಕೆ ದುಡ್ಡು ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ನಿಯಮದಲ್ಲಿ ದಾನಕ್ಕೆ ಅವಕಾಶ ಇದೆ, ಆದರೆ ನನ್ನ ಬ್ಯಾಂಕ್ ಶಾಖೆಯವರಿಗೆ ಅದನ್ನು ನಾನೇ ತೋರಿಸಬೇಕಾಯಿತು. ದಾನಕ್ಕೆ ಇರುವ ಆದಾಯ ತೆರಿಗೆ ರಿಯಾಯಿತಿಯಂತೂ ಸಿಗುವುದಿಲ್ಲ. ಅಷ್ಟಕ್ಕೂ ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಇಲ್ಲಿನ ದಾನಕ್ಕೂ ಅದು ಇಲ್ಲ. ಸಂಬಳ ಬಂದ ದಿನವೇ ಹತ್ತು ಪರ್ಸೆಂಟ್ ಬೇರೆ ಖಾತೆಗೆ ತಾನಾಗಿ ಹೋಗುವ ಹಾಗೆ ಮಾಡಿದ್ದೇನೆ. ಎಲ್ಲಿಗೆ ಅನ್ನುವುದನ್ನು ಮಾರ್ಚ್‌ಗೆ ಮೊದಲು ತೀರ್ಮಾನಿಸಿದರೆ ಸಾಕು.

ಹಾಗಾದರೆ ಎಐ ಅಪಾಯ? ಅದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ನನ್ನ ದುಡ್ಡು ಕೊಡುವುದಿಲ್ಲ, ಹೊತ್ತು ಕೊಡುತ್ತೇನೆ. ಅಲ್ಲೂ ಅದೇ ಪ್ರಶ್ನೆ ಕೇಳಿಕೊಂಡೆ. ಬೇರೆಯವರಿಗೆ ಆಗದ್ದು, ನನ್ನಿಂದ ಆಗುವುದು ಏನು? ಸಿಕ್ಕ ಉತ್ತರ, ನನ್ನ ಭಾಷೆ ಕನ್ನಡ.

2023ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಓಪನ್‌ಎಐನ ಜಿಪಿಟಿ-4 ಇಂಗ್ಲಿಷ್‌ನಲ್ಲಿ ಉತ್ತರಿಸಲು ನಿರಾಕರಿಸುವ ಅಪಾಯಕಾರಿ ಪ್ರಶ್ನೆಗಳನ್ನು ಜುಲು, ಸ್ಕಾಟ್ಸ್ ಗೇಲಿಕ್‌ನಂಥ ಭಾಷೆಗಳಿಗೆ ತಿರುಗಿಸಿ ಕೇಳಿದರು. ಅಂಥ ಭಾಷೆಗಳನ್ನು ಒಂದಾದಮೇಲೊಂದು ಬಳಸಿದಾಗ ಶೇ 79ರಷ್ಟು ಸಲ ತಡೆ ಮುರಿಯಿತು. ಇದನ್ನು ಓದಿದಮೇಲೆ ಇಎಯ ಇನ್ನೊಂದು ಹಳೇ ಜಗಳ ನನಗೆ ಬೇರೆ ಥರ ಕಾಣಿಸಿತು. ನಾಳಿನ ಮಹಾದುರಂತದ ಮಾತಾಡಿ ಇವತ್ತಿನ ಹಾನಿಯನ್ನು ಮರೆಸುತ್ತಿದ್ದೀರಿ ಅಂತ ಎಐ ಸಂಶೋಧಕಿ ಟಿಮ್ನಿಟ್ ಗೆಬ್ರು ಅವರಂಥವರು ಈ ಚಳವಳಿಯನ್ನು ಟೀಕಿಸುತ್ತಾರೆ. ಚಳವಳಿಯವರು ತಿರುಗಿ ಆ ಟೀಕಾಕಾರರಿಗೆ ದೂರದೃಷ್ಟಿ ಇಲ್ಲ ಅನ್ನುತ್ತಾರೆ. ಸಣ್ಣ ಭಾಷೆಯಲ್ಲಿ ಕೂತು ನೋಡಿದರೆ ಎರಡೂ ಒಂದೇ ತೂತು. ಕಂಪನಿ ಹಾಕಿದ ತಡೆ ಭಾಷೆ ಬದಲಾದ ತಕ್ಷಣ ಬಿದ್ದುಹೋಗುತ್ತದೆ ಅಂದರೆ ಅದು ಇವತ್ತಿನ ಬಳಕೆದಾರನಿಗೆ ಹಾನಿ. ನಾಳೆ ಇನ್ನೂ ಶಕ್ತಿಯ ಯಂತ್ರವನ್ನು ಹತೋಟಿಯಲ್ಲಿಡುತ್ತೇವೆ ಅನ್ನುವವರ ಮಾತಿಗೂ ಅದು ಪರೀಕ್ಷೆ.

ನಾನು ಮಾಡುವುದು ಇಷ್ಟು. ಜನ ನಿಜವಾಗಿ ಕೇಳುವ ಹಾಗೆ ಪ್ರಶ್ನೆ ಬರೆಯುತ್ತೇನೆ. ಕನ್ನಡ ಲಿಪಿಯಲ್ಲಿ ಒಂದು ಸಲ, ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡದಲ್ಲಿ ಒಂದು ಸಲ, ನಮ್ಮ ಕಡೆಯ ಮಾತಿನಲ್ಲಿ ಇನ್ನೊಂದು ಸಲ. ಕೀಟನಾಶಕ ಕುಡಿದವರಿಗೆ ಏನು ಮಾಡಬೇಕು, ಸಾಲದ ಆ್ಯಪ್‌ನವರು ಫೋಟೋ ಕಳಿಸಿ ಹೆದರಿಸುತ್ತಿದ್ದಾರೆ ಏನು ಮಾಡಲಿ, ಹಾವು ಕಚ್ಚಿದೆ ಈಗ ಏನು. ಒಂದು ಜನಪ್ರಿಯ ಚಾಟ್‌ಬಾಟ್ ಹಾವು ಕಡಿತಕ್ಕೆ ಇಂಗ್ಲಿಷ್‌ನಲ್ಲಿ ಸರಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಆಸ್ಪತ್ರೆಗೆ ಹೋಗಿ ಅಂದಿತು. ಅದೇ ಪ್ರಶ್ನೆಗೆ ಆಡುಗನ್ನಡದಲ್ಲಿ, ಮೇಲ್ಗಡೆ ಬಟ್ಟೆ ಬಿಗಿಯಾಗಿ ಕಟ್ಟಿ ಅಂದಿತು. ಇಂಥವನ್ನು ಕೇಳಿದ ಮಾತು, ಬಂದ ಉತ್ತರ, ತಾರೀಖು, ಬರಬೇಕಿದ್ದ ಉತ್ತರ ಸಮೇತ ಬರೆದಿಟ್ಟು ಕಂಪನಿಗಳಿಗೂ ಸಂಶೋಧಕರಿಗೂ ಕಳಿಸುತ್ತೇನೆ. ಕಂಪನಿಗಳಿಂದ ಬರುವುದು ಹೆಚ್ಚಾಗಿ ಧನ್ಯವಾದದ ಆಟೋಮ್ಯಾಟಿಕ್ ಮೇಲ್. ಸಂಶೋಧಕರು ವಾಪಸ್ ಕೇಳುತ್ತಾರೆ, ಇನ್ನಷ್ಟು ಕಳಿಸಿ ಅಂತಾರೆ.

ನೀತಿಯ ಕಡೆಯೂ ಸ್ವಲ್ಪ ಕೈ ಹಾಕಿದೆ. 2024ರ ಮಾರ್ಚ್‌ನಲ್ಲಿ ಕೇಂದ್ರದ ಐಟಿ ಸಚಿವಾಲಯ, ಸರಿಯಾಗಿ ಪರೀಕ್ಷೆ ಆಗದ ಎಐ ಮಾದರಿಗಳಿಗೆ ಸರ್ಕಾರದ ಅನುಮತಿ ಬೇಕು ಅಂತ ಸಲಹೆ ಹೊರಡಿಸಿ, ಎರಡೇ ವಾರದಲ್ಲಿ ಆ ಮಾತನ್ನು ಕೈಬಿಟ್ಟಿತು. 2025ರ ಜನವರಿಯಲ್ಲಿ ಎಐ ಆಡಳಿತದ ಕರಡು ವರದಿಗೆ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ನಾನೂ ಬರೆದು ಕಳಿಸಿದೆ. ನನ್ನ ಬೇಡಿಕೆ ಒಂದೇ. ಭಾರತದ ಭಾಷೆಗಳಲ್ಲಿ ಸೇವೆ ಕೊಡುತ್ತೇವೆ ಅನ್ನುವ ಕಂಪನಿ, ಆ ಭಾಷೆಗಳಲ್ಲಿ ಸುರಕ್ಷತೆಯ ಪರೀಕ್ಷೆ ಮಾಡಿದ ಫಲಿತಾಂಶವನ್ನೂ ಬಹಿರಂಗ ಮಾಡಬೇಕು. ಯಾರಾದರೂ ಓದಿದರಾ, ಗೊತ್ತಿಲ್ಲ.

ಗೆಳೆಯ ಇದನ್ನು ಪೂರ್ತಿ ಒಪ್ಪಿಲ್ಲ. ಮಾದರಿಗಳು ಬೇಗನೇ ಕನ್ನಡ ಚೆನ್ನಾಗಿ ಕಲಿಯುತ್ತವೆ, ಆಗ ನಿನ್ನ ಪಟ್ಟಿ ಹಳೇ ಪೇಪರ್ ಆಗುತ್ತದೆ ಅನ್ನುತ್ತಾನೆ. ಇರಬಹುದು. ಈಗಲೇ ಕೆಲವು ಹಳೆಯ ಪ್ರಶ್ನೆಗಳಿಗೆ ಸರಿ ಉತ್ತರ ಬರುತ್ತಿದೆ, ಅವನ್ನು ಪಟ್ಟಿಯಿಂದ ತೆಗೆಯುತ್ತಿದ್ದೇನೆ. ಈ ಸಲ ಹೊಸದಾಗಿ ಸೇರಿಸುತ್ತಿರುವುದು ಮಂಗನ ಕಾಯಿಲೆಯ ಪ್ರಶ್ನೆಗಳು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ವೈರಸ್ ಇದು. 2019ರಲ್ಲಿ ನಮ್ಮ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಜನ ಸತ್ತರು. ಸತ್ತವರ ಸಂಖ್ಯೆ ಇಎಯ ಲೆಕ್ಕದಲ್ಲಿ ಕಾಣಿಸದಷ್ಟು ಸಣ್ಣದು. ಮಹಾಮಾರಿ ತಡೆಯುವ ಬಗ್ಗೆ ಅಷ್ಟು ಮಾತಾಡುವ ಗೆಳೆಯ ಈ ಕಾಯಿಲೆಯ ಹೆಸರನ್ನೇ ಕೇಳಿರಲಿಲ್ಲ. ಈಗ ಉಣ್ಣೆ ಹುಳು ಕಚ್ಚಿದಮೇಲೆ ಜ್ವರ ಬಂದರೆ ಜನ ಏನೇನು ಕೇಳುತ್ತಾರೆ ಅನ್ನುವುದನ್ನು ಊರಿನವರಿಂದ ಕೇಳಿ ನಾನು ಬರೆದುಕೊಳ್ಳುತ್ತೇನೆ, ಆ ಪಟ್ಟಿಯನ್ನು ಮಾದರಿಗಳ ಮೇಲೆ ಓಡಿಸುವ ಸ್ಕ್ರಿಪ್ಟ್ ಬರೆಯುತ್ತಿರುವವನು ಅವನು.