ಹಳೇ ಆರ್ಮಿ ಮನೆಗಳಲ್ಲಿ ಸೀಸದ ಬಗ್ಗೆ ಮನೆಮನೆಗೆ ಹೇಳಿದ್ದು: ನನ್ನ ಅನುಭವ

ನನ್ನ ಗಂಡ ಅಮೆರಿಕದ ಆರ್ಮಿಯಲ್ಲಿದ್ದಾರೆ. ನಾವಿರುವುದು ಬೇಸಿನ ಒಳಗಿನ ಹಳೇ ಮನೆಗಳ ಬಡಾವಣೆಯಲ್ಲಿ. ಹಲವು ಆರ್ಮಿ ಬೇಸುಗಳಲ್ಲಿ ಒಂದೊಂದು ಬಡಾವಣೆಗೂ ಒಬ್ಬ ‘ಮೇಯರ್’ ಇರುತ್ತಾರೆ. ಹೆಸರು ಕೇಳಿ ದೊಡ್ಡದಾಗಿ ಊಹಿಸಬೇಡಿ, ಸಂಬಳವಿಲ್ಲ, ಕುರ್ಚಿಯೂ ಇಲ್ಲ. ನಿವಾಸಿಗಳ ದೂರು ಮೇಲಿನವರಿಗೆ ಮುಟ್ಟಿಸುವುದು, ಮೇಲಿನವರ ಸುದ್ದಿ ನಿವಾಸಿಗಳಿಗೆ ತಲುಪಿಸುವುದು, ಅಷ್ಟೇ. ಬೀದಿ ದೀಪ, ಕಸದ ಡಬ್ಬ, ನಾಯಿ ಜಗಳ ಅಂದುಕೊಂಡು ಒಪ್ಪಿಕೊಂಡೆ. ಜಾಸ್ತಿ ಹೊತ್ತು ಹೋಗಿದ್ದು ಮಾತ್ರ ಕಿಟಕಿಗಳ ಬಣ್ಣದ ಮೇಲೆ.

ಅಮೆರಿಕದಲ್ಲಿ ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸವನ್ನು (ಲೆಡ್, ಮೈಗೆ ವಿಷ) ನಿಷೇಧಿಸಿದ್ದು 1978ರಲ್ಲಿ. ಅದಕ್ಕಿಂತ ಹಳೇ ಮನೆಯಾದರೆ ಒಳಗಿನ ಪದರಗಳಲ್ಲಿ ಸೀಸ ಇರಬಹುದು ಅಂತಲೇ ಲೆಕ್ಕ. 1992ರ ಒಂದು ಫೆಡರಲ್ ಕಾನೂನಿನ ಪ್ರಕಾರ ಬಾಡಿಗೆಗೆ ಕೊಡುವವರು ತಮಗೆ ಗೊತ್ತಿರುವ ಸೀಸದ ವಿಷಯವನ್ನು ಒಪ್ಪಂದಕ್ಕೆ ಸಹಿ ಹಾಕಿಸುವ ಮುಂಚೆಯೇ ಹೇಳಬೇಕು, ಜೊತೆಗೆ ಸರ್ಕಾರದ ಒಂದು ಕಿರುಪುಸ್ತಕ ಕೊಡಬೇಕು. ಕೊಡುತ್ತಾರೆ, ಇಲ್ಲ ಅನ್ನುವಂತಿಲ್ಲ. ಪುಸ್ತಕವೂ ಚೆನ್ನಾಗಿಯೇ ಇದೆ. ಆದರೆ ಅದು ಕೈಗೆ ಬರುವ ಹೊತ್ತು ನೋಡಿ. ವರ್ಗವಾಗಿ ದೇಶದ ಇನ್ನೊಂದು ತುದಿಯಿಂದ ಬಂದಿರುತ್ತೀರಿ, ಸಾಮಾನಿನ ಲಾರಿ ಇನ್ನೂ ದಾರಿಯಲ್ಲಿದೆ, ಮಗು ಅಳುತ್ತಿದೆ, ಎದುರಿಗೆ ಕಾಗದದ ಕಟ್ಟು, ಎಲ್ಲೆಲ್ಲಿ ಸಹಿ ಬೇಕೋ ಅಲ್ಲೆಲ್ಲ ಹಳದಿ ಚೀಟಿ. ಸಹಿ ಬೀಳುತ್ತದೆ. ಪುಸ್ತಕ ಅಡುಗೆಮನೆ ಡ್ರಾಯರಿಗೆ ಹೋಗುತ್ತದೆ. ಇದನ್ನು ‘ಮಾಹಿತಿ ನೀಡಲಾಗಿದೆ’ ಅನ್ನುತ್ತಾರೆ!

ಅದಕ್ಕೇ ನಾನು ಪುಸ್ತಕ ಹಂಚುವ ಗೋಜಿಗೆ ಹೋಗಲಿಲ್ಲ. ಬಂದ ಮನೆಯವರ ಸಾಮಾನು ಬಿಚ್ಚುವ ಗಡಿಬಿಡಿ ಮುಗಿದ ಮೇಲೆ ಒಂದು ಟಾರ್ಚ್, ಒಂದು ಪುಟದ ಹಾಳೆ ಹಿಡಿದು ಹೋಗುತ್ತಿದ್ದೆ. ಹಾಳೆಯ ಮೇಲೆ ಮೊದಲ ಸಾಲು ಆ ಮನೆ ಕಟ್ಟಿದ ವರ್ಷ. ಹಾಳೆ ಟೇಬಲ್ಲಿನ ಮೇಲಿಟ್ಟು ಸೀದಾ ಕಿಟಕಿ ಹತ್ತಿರ ಕರೆದುಕೊಂಡು ಹೋಗುವುದು. ಗೋಡೆ ಬಣ್ಣ ಗಟ್ಟಿಯಾಗಿದ್ದರೆ, ಎದ್ದಿಲ್ಲದಿದ್ದರೆ ಅಷ್ಟು ಚಿಂತೆಯಿಲ್ಲ. ತೊಂದರೆ ಇರುವುದು ಉಜ್ಜುವ ಕಡೆ. ಮೇಲೆ ಕೆಳಗೆ ಎಳೆಯುವ ಹಳೇ ಮರದ ಕಿಟಕಿಯನ್ನು ಪ್ರತಿ ಸಲ ತೆರೆದು ಮುಚ್ಚಿದಾಗಲೂ ಬಣ್ಣ ಸವೆದು ಸಣ್ಣ ಪುಡಿಯಾಗಿ ಕೆಳಗಿನ ಕಟ್ಟೆಯ ಮೇಲೆ ಕೂರುತ್ತದೆ. ಅಂಬೆಗಾಲಿಡುವ ಮಗು ಅದೇ ಕಟ್ಟೆ ಹಿಡಿದು ನಿಲ್ಲುತ್ತದೆ, ಅದೇ ಕೈ ಬಾಯಿಗೆ. ಮಗು ಬಣ್ಣದ ಚಕ್ಕೆ ಕಿತ್ತು ತಿಂದರೆ ಮಾತ್ರ ಅಪಾಯ ಅಂತ ತುಂಬಾ ಜನ ನಂಬಿರುತ್ತಾರೆ. ಕಟ್ಟೆಯ ಮೇಲೆ ಟಾರ್ಚ್ ಅಡ್ಡ ಹಿಡಿದು ಆ ಪುಡಿ ತೋರಿಸಿದರೆ ಮುಂದೆ ನಾನು ಜಾಸ್ತಿ ಮಾತಾಡಬೇಕಾಗಿಲ್ಲ.

ಆಮೇಲೆ ಏನು ಮಾಡಬೇಕು ಅನ್ನುವುದು ನಮ್ಮ ಕಡೆಯವರಿಗೆ ಹೊಸತೇನಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸುವುದು, ಚಪ್ಪಲಿ ಬಾಗಿಲ ಹೊರಗೆ ಬಿಡುವುದು, ಊಟಕ್ಕೆ ಮುಂಚೆ ಮಗುವಿನ ಕೈ ತೊಳೆಯುವುದು. ಒಣ ಪೊರಕೆ ಬೇಡ, ಮಾಮೂಲಿ ವ್ಯಾಕ್ಯೂಮ್ ಬೇಡ, ಪುಡಿ ಗಾಳಿಗೆ ಏಳುತ್ತದೆ. ಕಬ್ಬಿಣಾಂಶ, ಕ್ಯಾಲ್ಸಿಯಂ ಚೆನ್ನಾಗಿರುವ ಊಟ ಕೊಟ್ಟರೆ ಮೈ ಸೀಸ ಹೀರುವುದು ಕಡಿಮೆ. ಕೊನೆಗೆ, ಮಕ್ಕಳ ಡಾಕ್ಟರ ಹತ್ತಿರ ಬಾಯಿ ಬಿಟ್ಟು ರಕ್ತ ಪರೀಕ್ಷೆ ಕೇಳಿ. ಹೆಚ್ಚು ಗಮನ ಕೊಡಬೇಕಾದ ಮಟ್ಟವನ್ನು ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2021ರಲ್ಲಿ 5ರಿಂದ 3.5 ಮೈಕ್ರೋಗ್ರಾಂಗೆ ಇಳಿಸಿದೆ, ಒಂದು ಡೆಸಿಲೀಟರ್ ರಕ್ತಕ್ಕೆ. 3.5ರ ಕೆಳಗಿದ್ದರೆ ಸುರಕ್ಷಿತ ಅಂತ ಅರ್ಥವಲ್ಲ. ಸೀಸಕ್ಕೆ ಸುರಕ್ಷಿತ ಮಟ್ಟ ಅಂತ ಒಂದಿಲ್ಲ.

ಜನ ಎರಡು ಥರ. ಒಬ್ಬರು ‘ನಾವೂ ಇಂಥ ಮನೆಯಲ್ಲೇ ಬೆಳೆದದ್ದು, ಏನಾಗಿದೆ?’ ಅನ್ನುತ್ತಾರೆ. ಅವರ ಜೊತೆ ವಾದ ಮಾಡುವುದಿಲ್ಲ, ಒದ್ದೆ ಬಟ್ಟೆಯ ಮಾತಷ್ಟೇ ಹೇಳಿ ಬರುತ್ತೇನೆ. ನನಗೆ ಭಯ ಎರಡನೆಯವರದು. ಕೇಳಿದ ತಕ್ಷಣ ಗಾಬರಿಯಾಗಿ ಶನಿವಾರ ಅಂಗಡಿಯಿಂದ ಸ್ಯಾಂಡರ್ (ಬಣ್ಣ ಉಜ್ಜುವ ಯಂತ್ರ) ತಂದು ತಾವೇ ಉಜ್ಜಲು ನಿಲ್ಲುವ ಅಪ್ಪಂದಿರು. ಇದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ. ಕಲ್ನಾರಿಗೂ (ಆಸ್ಬೆಸ್ಟಾಸ್) ಇದೇ ಮಾತು. ಹಳೇ ಮನೆಗಳ 9 ಇಂಚಿನ ನೆಲದ ಟೈಲು, ಅದರಡಿಯ ಕಪ್ಪು ಅಂಟು, ಕೊಳವೆಗಳ ಹೊದಿಕೆ, ಹರಳು ಹರಳಾದ ಚಾವಣಿ, ಇದರಲ್ಲೆಲ್ಲ ಕಲ್ನಾರು ಇರಬಹುದು. ಮುಟ್ಟದೆ ಬಿಟ್ಟರೆ ಸುಮ್ನೆ ಬಿದ್ದಿರುತ್ತದೆ. ಕೊರೆದರೆ, ಒಡೆದರೆ ನಾರು ಗಾಳಿಗೆ ಬರುತ್ತದೆ. ಆದ್ದರಿಂದ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದು ಒಂದೇ ಸಾಲು: ಉಜ್ಜಬೇಡಿ, ಕೊರೆಯಬೇಡಿ, ಬರೆದು ದೂರು ಕೊಡಿ.

‘ಬರೆದು’ ಅನ್ನುವುದನ್ನು ಒತ್ತಿ ಹೇಳಲು ಕಾರಣ ಇದೆ. 1996ರ ನಂತರ ಇಲ್ಲಿನ ಸೈನಿಕ ಕುಟುಂಬಗಳ ಮನೆಗಳು ಹೆಚ್ಚುಕಡಿಮೆ ಎಲ್ಲವೂ ಖಾಸಗಿ ಕಂಪನಿಗಳ ಕೈಗೆ ಹೋಗಿವೆ. ಸೈನಿಕರ ಮನೆ ಭತ್ಯೆ ಬಾಡಿಗೆಯಾಗಿ ಸೀದಾ ಕಂಪನಿಗೆ ಹೋಗುತ್ತದೆ, ನಮ್ಮ ಕೈಗೆ ಬರುವುದೇ ಇಲ್ಲ. 2018ರಲ್ಲಿ ರಾಯ್ಟರ್ಸ್ ವರದಿಗಾರರು ಬೇಸಿನ ಮನೆಗಳಲ್ಲಿ ಸೀಸದಿಂದ ಮಕ್ಕಳಿಗಾದ ತೊಂದರೆಯನ್ನು ಹೊರಗೆ ತಂದರು, 2019ರಲ್ಲಿ ಕುಟುಂಬದವರೇ ಸೆನೆಟ್ ಸಮಿತಿಯ ಮುಂದೆ ಕೂತು ಹೇಳಿದರು. ಆಮೇಲೆ ಬಾಡಿಗೆದಾರರ ಹಕ್ಕುಗಳ ಪಟ್ಟಿ ಬಂತು, ಒಟ್ಟು 18. ಅದರಲ್ಲಿ ನಾನು ಎಲ್ಲರಿಗೂ ತೋರಿಸುವುದು ಒಂದು: ಸಹಿ ಹಾಕುವ ಮುಂಚೆ ಆ ಮನೆಯ 7 ವರ್ಷದ ರಿಪೇರಿ ದಾಖಲೆ ಕೇಳಬಹುದು. ನೀರು ಎಷ್ಟು ಸಲ ಸೋರಿದೆ, ಬೂಸ್ಟು ಎಷ್ಟು ಸಲ ಒರೆಸಿ ಮೇಲೆ ಬಣ್ಣ ಬಳಿದಿದ್ದಾರೆ ಎಲ್ಲ ಅದರಲ್ಲಿ ಸಿಗುತ್ತದೆ. ಫೋನಿನಲ್ಲಿ ಕೊಟ್ಟ ದೂರು ಆ ದಾಖಲೆಗೆ ಸೇರುತ್ತದೆ ಅನ್ನುವ ಗ್ಯಾರಂಟಿ ಏನು? ಫೋಟೋ, ತಾರೀಖು, ವರ್ಕ್ ಆರ್ಡರ್ (ರಿಪೇರಿ ಕೋರಿಕೆ) ನಂಬರ್, ಮೂರೂ ಇಟ್ಟುಕೊಳ್ಳಿ.

ಹೆಂಡತಿ ದೂರು ಕೊಟ್ಟರೆ ಗಂಡನ ಕೆಲಸಕ್ಕೆ ಕುತ್ತು ಬರುತ್ತದೆ ಅನ್ನುವ ಅಂಜಿಕೆ ಇಲ್ಲಿ ನಿಜವಾಗಿಯೂ ಇದೆ. ದೂರು ಕೊಟ್ಟಿದ್ದಕ್ಕೆ ಸೇಡು ತೀರಿಸುವಂತಿಲ್ಲ ಅನ್ನುವುದೂ ಆ 18ರಲ್ಲಿ ಒಂದು. ಕಾಗದದಲ್ಲಿ ತೋರಿಸಿದರೂ ಕೆಲವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಅಂಥವರನ್ನು ಕಂಪನಿಯವರಲ್ಲದ, ಆರ್ಮಿ ಕಡೆಯ ಹೌಸಿಂಗ್ ಆಫೀಸಿಗೆ ಜೊತೆಯಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಬಾಡಿಗೆದಾರರ ಪರವಾಗಿ ಮಾತಾಡಲೆಂದೇ ಒಬ್ಬರು ಇರುತ್ತಾರೆ, ಎಷ್ಟೋ ಜನಕ್ಕೆ ಅವರಿರುವುದೇ ಗೊತ್ತಿಲ್ಲ.

ರಿಪೇರಿಗೆ ಬಂದವರನ್ನೂ ಒಂದು ಪ್ರಶ್ನೆ ಕೇಳಿ: ಸೀಸದ ಕೆಲಸಕ್ಕೆ ಸರ್ಟಿಫಿಕೇಟ್ ಇದೆಯಾ? 2010ರಿಂದ ಇರುವ ನಿಯಮದ ಪ್ರಕಾರ ಹಳೇ ಮನೆಯ ಒಂದು ಕೋಣೆಯಲ್ಲಿ 6 ಚದರ ಅಡಿಗಿಂತ ಜಾಸ್ತಿ ಬಣ್ಣ ಕೆದಕುವುದಾದರೆ ಅದು ಬೇಕು. ಕಿಟಕಿ ಬದಲಿಸುವುದಾದರೆ ಎಷ್ಟು ಚಿಕ್ಕದಾದರೂ ಬೇಕು. ನಮ್ಮ ಬಡಾವಣೆಗೆ ಒಮ್ಮೆ ಪ್ಲಾಸ್ಟಿಕ್ ಹಾಸದೆ ಒಣ ಕೆರೆಯಲು ಶುರು ಮಾಡಿದವರನ್ನು ಮನೆಯಾಕೆ ಇದೇ ಪ್ರಶ್ನೆ ಕೇಳಿ ವಾಪಸ್ ಕಳಿಸಿದಳು. ಯಾವ ಕಂಪನಿ ಅಂತ ಇಲ್ಲಿ ಬರೆಯುವುದಿಲ್ಲ. ಆಕೆಗೆ ಆಗ 22 ವರ್ಷ, ಕಂಕುಳಲ್ಲಿ ಕೂಸು. ನನಗೆ ಎಷ್ಟು ಖುಷಿಯಾಯಿತೆಂದರೆ ಅವತ್ತು ಸಂಜೆ ಅವರ ಮನೆಗೆ ಬಿಸಿಬೇಳೆಬಾತ್ ಕೊಟ್ಟು ಬಂದೆ.

ಬೇಸಿನಲ್ಲಿ ಇರುವ ಭಾರತದ ಮನೆಯವರಿಗೆ ಇನ್ನೆರಡು ಮಾತು ಸೇರಿಸುತ್ತೇನೆ. ಮಗುವಿನ ರಕ್ತದಲ್ಲಿ ಸೀಸ ಕಂಡರೆ ಕಿಟಕಿ ಒಂದನ್ನೇ ಬೈಯಬೇಡಿ. ಊರಿಂದ ತಂದ ಕುಂಕುಮ, ಬಿಡಿ ಅರಿಸಿನ ಪುಡಿ, ಭಸ್ಮ ಹಾಕಿದ ಔಷಧಿ ಇವನ್ನೂ ಡಾಕ್ಟರಿಗೆ ಹೇಳಿ. ಇವುಗಳಲ್ಲಿ ಸೀಸ ಸಿಕ್ಕ ಉದಾಹರಣೆ ಬೇಕಾದಷ್ಟಿವೆ. ಇನ್ನೊಂದು, ನಾವೆಲ್ಲ ಗೋಡೆಯ ಪಕ್ಕದಲ್ಲೇ ಮೆಂತ್ಯ, ಹರಿವೆ, ಮೂಲಂಗಿ ಹಾಕುತ್ತೇವೆ, ಅಲ್ವಾ? ಹಳೇ ಮನೆಯ ಗೋಡೆ ಬುಡದ ಮಣ್ಣಿಗೆ ಹೊರಗಿನ ಬಣ್ಣ ಉದುರಿರುತ್ತದೆ. ಸಾಲದ್ದಕ್ಕೆ ಗೆದ್ದಲಿಗೆ ಅಂತ ಕ್ಲೋರ್ಡೇನ್ ಅನ್ನುವ ಕೀಟನಾಶಕ ಸುರಿದಿರಬಹುದು. 1988ರಲ್ಲಿ ಅದು ಇಲ್ಲಿ ಪೂರ್ತಿ ನಿಂತಿತು, ಆದರೆ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಸೊಪ್ಪನ್ನು ಗೋಡೆಯಿಂದ ದೂರ, ಅಂಗಡಿಯ ಮಣ್ಣು ತುಂಬಿದ ಕುಂಡದಲ್ಲಿ ಬೆಳೆಯಿರಿ. ಕರಿಬೇವು ಹೇಗೂ ಚಳಿಗಾಲಕ್ಕೆ ಒಳಗೆ ಬರಬೇಕು, ಅದಂತೂ ಕುಂಡದಲ್ಲೇ ಇರಲಿ.

ಈ ವರ್ಷದ ಹಾಳೆಗೆ ರೇಡಾನ್ ಕೂಡ ಸೇರಿಸಿದ್ದೇನೆ. ಬಣ್ಣ, ವಾಸನೆ ಇಲ್ಲದ ವಿಕಿರಣಶೀಲ ಅನಿಲ, ನೆಲದೊಳಗಿಂದ ಬರುತ್ತದೆ. ಇದಕ್ಕೆ ಟಾರ್ಚ್ ಉಪಯೋಗವಿಲ್ಲ, ಪರೀಕ್ಷೆಯ ಕಿಟ್ಟೇ ಬೇಕು. ಜನ ವಾಸಿಸುವ ಅತಿ ಕೆಳಗಿನ ಅಂತಸ್ತಿನಲ್ಲಿ, ಕಿಟಕಿ ಮುಚ್ಚಿಟ್ಟು ಇಡಬೇಕು. ಒಂದು ಲೀಟರ್ ಗಾಳಿಗೆ 4 ಪಿಕೋಕ್ಯೂರಿ (ವಿಕಿರಣದ ಅಳತೆ) ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದಕ್ಕೂ ಒಂದು ವರ್ಕ್ ಆರ್ಡರ್.