ಅರ್ಧ ಕೆಲಸ ಆಗಿರುವ ಯೆಜ್ಡಿ ಮಾರುವುದು ಹೇಗೆ?

ಟ್ಯಾಂಕಿಗೆ ಹೊಸ ಬಣ್ಣ, ರಿಮ್ಮಿಗೆ ಹೊಸ ಕ್ರೋಮ್, ಸೀಟಿಗೆ ಹೊಸ ಕವರ್. ಎಂಜಿನ್ ಮಾತ್ರ ಹಾಗೇ ಇದೆ. ಮೈಸೂರು, ಬೆಂಗಳೂರಿನ ಎಷ್ಟೋ ಮನೆಗಳ ಶೆಡ್ಡಿನಲ್ಲಿ ಇಂಥ ಹಳೇ ಯೆಜ್ಡಿ ಬೈಕುಗಳು ನಿಂತಿವೆ. ಹುಮ್ಮಸ್ಸಿನಿಂದ ಶುರುವಾದ ಕೆಲಸ ದುಡ್ಡು ಸಾಲದೆಯೋ ಪುರುಸೊತ್ತು ಸಿಗದೆಯೋ ನಿಂತುಹೋಗಿರುತ್ತದೆ. ಕೊನೆಗೆ ಮಾರಿಬಿಡೋಣ ಅಂತ ತೀರ್ಮಾನವಾಗುತ್ತದೆ. ಆಗ ಹಾಕುವ ಜಾಹೀರಾತು ಹೆಚ್ಚುಕಡಿಮೆ ಒಂದೇ: ‘ಫುಲ್ ರೆಸ್ಟೋರ್ ಆಗಿದೆ, ಎಂಜಿನ್‌ನಲ್ಲಿ ಸಣ್ಣ ಕೆಲಸ ಇದೆ ಅಷ್ಟೇ.’

ಈ ಒಂದು ಸಾಲಿನಿಂದ ವ್ಯಾಪಾರ ಕೆಟ್ಟಿದ್ದನ್ನು ಮತ್ತೆ ಮತ್ತೆ ನೋಡಿದ್ದೇನೆ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ನಿಂತಿತು. ಹಾಗಾಗಿ ಇವತ್ತು ಹಳೇ ಯೆಜ್ಡಿ ಕೊಳ್ಳಲು ಬರುವವರು ಸುಮ್ನೆ ಬರುವುದಿಲ್ಲ. ಗಾಡಿ ಗೊತ್ತಿರುವವರು ಬರುತ್ತಾರೆ, ಇಲ್ಲವೇ ಗೊತ್ತಿರುವ ಮೆಕ್ಯಾನಿಕ್‌ನನ್ನು ಜೊತೆಗೆ ಕರೆತರುತ್ತಾರೆ. ‘ಸಣ್ಣ ಕೆಲಸ’ ಅಂದದ್ದು ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಮುಖ್ಯ ದಂಡ) ಕೆಲಸ ಅಂತ ಗೊತ್ತಾದ ಕ್ಷಣ, ನೀವು ಹೇಳಿದ ಬೇರೆ ಯಾವ ಮಾತನ್ನೂ ಅವರು ನಂಬುವುದಿಲ್ಲ. ಏನಾಗಿದೆ, ಏನಾಗಿಲ್ಲ ಎಂದು ಬಿಡಿಸಿ ಹೇಳಿದವರ ಗಾಡಿಯೇ ಬೇಗ ಹೋಗುತ್ತದೆ, ಬೆಲೆಯೂ ಸಿಗುತ್ತದೆ.

ಹಂತ 1: ಮೊದಲು ಕಾಗದ

ಆರ್‌ಸಿ ಯಾರ ಹೆಸರಿನಲ್ಲಿದೆ ನೋಡಿ. ಅಪ್ಪನ ಹೆಸರಿನಲ್ಲಿದ್ದು ಅವರು ಈಗ ಇಲ್ಲದಿದ್ದರೆ, ಫಾರಂ 31 ಕೊಟ್ಟು ಮೊದಲು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಆಮೇಲೆ ಮಾರಿ. ಹಳೇ ಪುಸ್ತಕದ ಆರ್‌ಸಿ ಆಗಿದ್ದರೆ ಅದರ ವಿವರ ಆರ್‌ಟಿಒ ಕಂಪ್ಯೂಟರಿಗೆ ಏರಿದೆಯೇ ಎಂದು ವಿಚಾರಿಸಿ. ಅದಕ್ಕೆ ‘ಬ್ಯಾಕ್‌ಲಾಗ್ ಎಂಟ್ರಿ’ ಅನ್ನುತ್ತಾರೆ. ಅದಾಗದೆ ಮುಂದಿನ ಯಾವ ಅರ್ಜಿಯೂ ಹೋಗದು.

ಒಂದು ತೊಡಕು ತುಂಬ ಜನರಿಗೆ ಕೊನೇ ಗಳಿಗೆಯಲ್ಲಿ ಗೊತ್ತಾಗುತ್ತದೆ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ನವೀಕರಣಕ್ಕೆ ಇನ್‌ಸ್ಪೆಕ್ಟರ್ ಗಾಡಿ ನೋಡುತ್ತಾರೆ. ಲೈಟು, ಹಾರ್ನು, ಬ್ರೇಕು ಎಲ್ಲ ಇದ್ದು ಗಾಡಿ ಓಡಬೇಕು. ಎಂಜಿನ್ ಕೆಟ್ಟು ನಿಂತ ಗಾಡಿಗೆ ಇದು ಆಗದ ಮಾತು. ನಿಮ್ಮ ಆರ್‌ಸಿ ಅವಧಿ ಮುಗಿದಿದ್ದರೆ, ಎಂಜಿನ್‌ಗೆ ಖರ್ಚು ಮಾಡಿ ನವೀಕರಿಸಿಯೇ ಮಾರಿ ಎಂಬುದು ನನ್ನ ಸಲಹೆ. ಅದು ಆಗದಿದ್ದರೆ ಫೋನಿನ ಮೊದಲ ಮಾತಲ್ಲೇ ಹೇಳಿಬಿಡಿ. ಬೆಲೆ ಇಳಿಯುತ್ತದೆ, ಇಳಿಯಲಿ.

ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಆರ್‌ಸಿ ಜೊತೆ ಹೋಲಿಸಿ. ಯೆಜ್ಡಿಗಳಲ್ಲಿ ಎಂಜಿನ್ ಬದಲಾಯಿಸಿದ್ದು ಬೇಕಾದಷ್ಟಿದೆ. ಪೌಡರ್ ಕೋಟಿಂಗ್ ಮಾಡಿಸುವಾಗ ಚಾಸಿ ನಂಬರಿನ ಮೇಲೆ ದಪ್ಪ ಪದರ ಕೂತಿದ್ದರೆ, ವರ್ಗಾವಣೆ ಅರ್ಜಿಗೆ ಬೇಕಾದ ಅಚ್ಚು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೂ ಮೂಡುವುದಿಲ್ಲ. ಪೇಂಟ್ ರಿಮೂವರ್ ಹಚ್ಚಿ ಮೆಲ್ಲಗೆ ತೆಗೆಯಿರಿ. ಉಪ್ಪುಕಾಗದ ಖಂಡಿತ ಬೇಡ. ನಂಬರ್ ಉಜ್ಜಿದ ಗುರುತು ಕಂಡರೆ ಆರ್‌ಟಿಒ ಅನುಮಾನ ಪಡುತ್ತಾರೆ.

ಹಂತ 2: ಬಣ್ಣದ ಡಬ್ಬಿ ಮುಚ್ಚಿ

ಮಾರುವ ತೀರ್ಮಾನ ಆದ ಮೇಲೆ ಅಂದಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ. ಅದರಲ್ಲೂ ಅಗ್ಗದ ಕ್ರೋಮ್ ಬೇಡವೇ ಬೇಡ. ಒಳ್ಳೇ ಕ್ರೋಮ್ ಅಂದರೆ ತಾಮ್ರ, ನಿಕಲ್, ಅದರ ಮೇಲೆ ಕ್ರೋಮ್. ಕಡಿಮೆ ರೇಟಿನವರು ತಾಮ್ರ ಬಿಟ್ಟು ತೆಳುವಾಗಿ ನಿಕಲ್ ಎಳೆದು ಮುಗಿಸುತ್ತಾರೆ. ಒಂದು ಮಳೆಗಾಲಕ್ಕೆ ತುಕ್ಕಿನ ಚುಕ್ಕೆ ಏಳುತ್ತದೆ. ಮೂಲ ಸೈಲೆನ್ಸರ್ ಸವೆದಿದ್ದರೂ ಹಾಗೇ ಬಿಡಿ, ತಿಳಿದವರಿಗೆ ಅದೇ ಬೇಕು.

ಹಂತ 3: ಎಂಜಿನ್‌ನಲ್ಲಿ ಏನಿದೆ ಅಂತ ತಿಳಿದುಕೊಳ್ಳಿ

ಎಲ್ಲರೂ ಎಡವುವುದು ಇಲ್ಲೇ. ರಿಪೇರಿ ಮಾಡಿಸಿ ಅಂತ ನಾನು ಹೇಳುತ್ತಿಲ್ಲ. ರೋಗ ಯಾವುದು ಅಂತ ಮಾತ್ರ ಗೊತ್ತಿರಬೇಕು. ಗೊತ್ತಿರುವ ದೋಷಕ್ಕೆ ಕೊಳ್ಳುವವರು ಒಂದು ಲೆಕ್ಕ ಹಾಕುತ್ತಾರೆ. ಗೊತ್ತಿಲ್ಲದ ದೋಷಕ್ಕೆ ಅದರ ಎರಡರಷ್ಟು ಕಳೆಯುತ್ತಾರೆ.

ತುಂಬ ದಿನ ನಿಂತ ಗಾಡಿಗೆ ಹೋದ ತಕ್ಷಣ ಕಿಕ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ, ತೂತಿನಿಂದ ಸ್ವಲ್ಪ ಟೂ-ಟಿ ಆಯಿಲ್ (ಪೆಟ್ರೋಲಿಗೆ ಬೆರೆಸುವ ಎಣ್ಣೆ) ಬಿಟ್ಟು ಒಂದು ರಾತ್ರಿ ಇಡಿ. ರಿಂಗು ಕಚ್ಚಿಕೊಂಡಿದ್ದರೆ ಸಡಿಲವಾಗುತ್ತದೆ. ಮಾರನೇ ದಿನ ಇಗ್ನಿಷನ್ ಆಫ್ ಇಟ್ಟು, ಒಬ್ಬರು ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿಯಲಿ, ಇನ್ನೊಬ್ಬರು ಕಿಕ್ ಒತ್ತಲಿ. ಹೆಬ್ಬೆರಳನ್ನು ಗಾಳಿ ಜೋರಾಗಿ ತಳ್ಳಿದರೆ ಕಂಪ್ರೆಷನ್ ಇದೆ ಎಂದರ್ಥ. ಬೆರಳು ಅಲುಗದಿದ್ದರೆ ಬೋರ್ ಕೆಲಸ ಇದೆ, ಅಂದರೆ ಸವೆದ ಸಿಲಿಂಡರಿನ ಒಳಗನ್ನು ಕೊರೆದು ಅಗಲ ಮಾಡಿಸಬೇಕು.

ಬೋರ್ ಬಗ್ಗೆ ಒಂದು ಮಾತು. 250 ಸಿಸಿ ಯೆಜ್ಡಿಯ ಮೂಲ ಬೋರ್ 65 ಮಿ.ಮೀ. ಪ್ರತಿ ಸಲ ಬೋರ್ ಮಾಡಿಸಿದಾಗಲೂ ದೊಡ್ಡ ಪಿಸ್ಟನ್ ಬರುತ್ತದೆ. ಆ ಅಳತೆ ಪಿಸ್ಟನ್ ತಲೆಯ ಮೇಲೆ ಒತ್ತಿರುತ್ತದೆ. ಹೆಡ್ ಬಿಚ್ಚಿ ಮಸಿ ಒರೆಸಿ ನೋಡಿ, ಒಂದು ಫೋಟೊ ತೆಗೆದಿಡಿ. ಇನ್ನೊಂದು ಸಲ ಬೋರ್ ಮಾಡಲು ಜಾಗ ಇದೆಯೋ, ಒಳಗೆ ಹೊಸ ಸ್ಲೀವ್ (ಕೊಳವೆ) ಹಾಕಿಸಬೇಕೋ ಎಂಬುದು ಆ ಒಂದು ಫೋಟೊದಿಂದ ಕೊಳ್ಳುವವರಿಗೆ ತಿಳಿಯುತ್ತದೆ. ಅಷ್ಟು ಸುಲಭದ ಕೆಲಸವನ್ನು ಯಾರೂ ಮಾಡುವುದಿಲ್ಲ!

ಗಾಡಿ ಸ್ಟಾರ್ಟ್ ಆಗುತ್ತದೆಯೇ? ಹಾಗಾದರೆ ಹೊಗೆ ನೋಡಿ. ಟೂ ಸ್ಟ್ರೋಕ್ ಗಾಡಿ ಶುರುವಿನಲ್ಲಿ ಹೊಗೆ ಉಗುಳುವುದು ಸಹಜ. ಬಿಸಿಯಾದ ಮೇಲೆ ಅದು ತೆಳುವಾಗಬೇಕು. ತೆಳುವಾಗದೆ ದಟ್ಟ ಬಿಳಿ ಹೊಗೆ ಬರುತ್ತಲೇ ಇದ್ದು, ಗೇರ್ ಆಯಿಲ್ ಕೂಡ ಕಡಿಮೆಯಾಗುತ್ತಿದ್ದರೆ ಎಡಗಡೆಯ, ಅಂದರೆ ಕ್ಲಚ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ. ಎಂಜಿನ್ ಗೇರ್ ಆಯಿಲನ್ನು ಒಳಗೆಳೆದುಕೊಂಡು ಸುಡುತ್ತಿದೆ. ಆಕ್ಸಿಲರೇಟರ್ ಬಿಟ್ಟರೂ ಆರ್‌ಪಿಎಂ ಇಳಿಯದೆ ತಾನೇ ಏರುತ್ತಿದ್ದರೆ ಎಲ್ಲೋ ಹೊರಗಿನ ಗಾಳಿ ಎಳೆಯುತ್ತಿದೆ. ಒಂದೋ ಕಾರ್ಬುರೇಟರ್ ಗ್ಯಾಸ್ಕೆಟ್, ಇಲ್ಲವೇ ಬಲಗಡೆಯ ಸೀಲ್. ಹಾಗೆ ಓಡಿಸುತ್ತಲೇ ಇದ್ದರೆ ಪಿಸ್ಟನ್ ಸೀಜ್ ಆಗುತ್ತದೆ. ಆಗ ನಿಮ್ಮ ಚಿಕ್ಕ ಖರ್ಚು ದೊಡ್ಡದಾಗುತ್ತದೆ.

ಮುಂದೆ ಕ್ರ್ಯಾಂಕ್. ಬಲಗಡೆಯ ಕವರ್ ಬಿಚ್ಚಿ, ಒಳಗೆ ಕ್ರ್ಯಾಂಕ್ ತುದಿಗೆ ಕೂತ ಭಾಗವನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಪ್ಲೇ ಇದ್ದರೆ, ಅಂದರೆ ಸಡಿಲವಾಗಿ ಆಡಿದರೆ, ಬೇರಿಂಗ್ ಮುಗಿದಿದೆ. ಸಿಲಿಂಡರ್ ಹೇಗೂ ಬಿಚ್ಚಿಟ್ಟಿದ್ದರೆ ಕನೆಕ್ಟಿಂಗ್ ರಾಡನ್ನು ನೇರ ಮೇಲಕ್ಕೆ ಕೆಳಕ್ಕೆ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ಆಡುವುದು ಸರಿ. ಮೇಲೆ ಕೆಳಗೆ ಒಂಚೂರೂ ಆಡಬಾರದು. ಆಡಿದರೆ ಎಂಜಿನ್ ಪೂರ್ತಿ ಬಿಚ್ಚಿ, ಕ್ರ್ಯಾಂಕನ್ನು ಪ್ರೆಸ್‌ನಲ್ಲಿ ಬಿಡಿಸಿ ಹೊಸ ರಾಡ್ ಕಿಟ್ ಹಾಕಿಸಬೇಕು. ಅದನ್ನು ‘ಸಣ್ಣ ಕೆಲಸ’ ಅನ್ನಲು ಬರುವುದಿಲ್ಲ, ಅಲ್ವಾ?

ಸದ್ದು ಮುಚ್ಚುವ ಅಡ್ಡದಾರಿಗಳ ಬಗ್ಗೆ ಇಲ್ಲೇ ಹೇಳಬೇಕು. ಗೇರ್‌ಬಾಕ್ಸಿಗೆ ದಪ್ಪ ಆಯಿಲ್ ಸುರಿಯುವುದು, ಪೆಟ್ರೋಲಿಗೆ ಟೂ-ಟಿ ಜಾಸ್ತಿ ಹಾಕುವುದು, ಸೋರುವ ಕಡೆಗೆಲ್ಲ ಗ್ಯಾಸ್ಕೆಟ್ ಪೇಸ್ಟ್ ಮೆತ್ತುವುದು. ಇವೆಲ್ಲ ನೋಡಲು ಬಂದವರು ಇರುವ ಅರ್ಧ ಗಂಟೆ ತಡೆಯುತ್ತವೆ. ಹೆಚ್ಚಾದ ಪೇಸ್ಟ್ ಒಳಗಡೆ ಉದುರಿ ಬೇರಿಂಗ್‌ಗೆ ಸಿಕ್ಕಿದರೆ ಚೆನ್ನಾಗಿದ್ದ ಎಂಜಿನ್ನೂ ಹೋಗುತ್ತದೆ. ಇದು ಮೋಸ. ಮಾಡಬೇಡಿ.

ಇಷ್ಟನ್ನು ನಿಮ್ಮ ಕೈಯಲ್ಲಿ ನೋಡಲು ಆಗದಿದ್ದರೆ ಹಳೇ ಯೆಜ್ಡಿ ಕೆಲಸ ಬಲ್ಲ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ನೋಡಿಸಿ. ಯಾವ ಕೆಲಸಕ್ಕೆ ಎಷ್ಟಾಗುತ್ತದೆ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ಹಂತ 4: ಸಾಮಾನುಗಳ ಪಟ್ಟಿ

ಬಿಚ್ಚಿಟ್ಟ ಸಾಮಾನುಗಳನ್ನು ಒಂದೇ ಗೋಣಿಚೀಲದಲ್ಲಿ ತುಂಬಿ ಕೊಡಬೇಡಿ. ಜಿಪ್ ಕವರ್‌ಗಳಲ್ಲಿ ಬೇರೆ ಬೇರೆ ಹಾಕಿ, ಮೇಲೆ ಹೆಸರು ಬರೆಯಿರಿ. ಯಾವುದು ಕಂಪನಿಯ ಮೂಲ ಸಾಮಾನು, ಯಾವುದು ಈಗಿನ ನಕಲು, ಯಾವುದು ಇಲ್ಲವೇ ಇಲ್ಲ ಎಂದು ಮೂರು ಪಟ್ಟಿ ಮಾಡಿ. ಮೂಲ ಕಾರ್ಬುರೇಟರ್, ಸ್ಪೀಡೋಮೀಟರ್, ಸೈಡ್ ಬಾಕ್ಸ್ ಮುಚ್ಚಳ, ಟ್ಯಾಂಕಿನ ಬ್ಯಾಡ್ಜ್ ಇದ್ದರೆ ಅವು ಹೊಸ ಬಣ್ಣಕ್ಕಿಂತ ಬೆಲೆಬಾಳುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಗುಜರಿಯಲ್ಲೋ ಅಲೆದವರಿಗೆ ಇದು ಗೊತ್ತು. 2018ರ ನಂತರ ಬಂದ ಹೊಸ ಜಾವಾ, 2022ರಲ್ಲಿ ಬಂದ ಹೊಸ ಯೆಜ್ಡಿಯ ಸಾಮಾನು ಇದಕ್ಕೆ ಆಗುತ್ತದಾ ಅಂತ ಹುಡುಗರು ಕೇಳುತ್ತಾರೆ. ಆಗುವುದಿಲ್ಲ. ಅವು ಫೋರ್ ಸ್ಟ್ರೋಕ್ ಗಾಡಿಗಳು.

ಹಂತ 5: ಫೋಟೊ, ಜಾಹೀರಾತು

ಫೋಟೊ ಹಗಲಲ್ಲಿ ತೆಗೆಯಿರಿ, ತುಕ್ಕು ಹಿಡಿದ ಜಾಗವೂ ಇರಲಿ. ಬರೆಯುವುದು ಹೀಗೆ:

‘1986ರ ಯೆಜ್ಡಿ ರೋಡ್‌ಕಿಂಗ್. ಆರ್‌ಸಿ ನನ್ನ ಹೆಸರಿನಲ್ಲಿದೆ, ಅವಧಿ ಇದೆ, ಎರಡೂ ನಂಬರ್ ಹೊಂದುತ್ತವೆ. ಆಗಿರುವುದು: ಬಣ್ಣ, ರಿಮ್, ವೈರಿಂಗ್, ಟೈರ್. ಆಗಬೇಕಿರುವುದು: ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್, ಎರಡನೇ ಗೇರ್ ಬಿಟ್ಟುಕೊಳ್ಳುತ್ತದೆ. ನೋಡಿಸದೇ ಇರುವುದು: ಕನೆಕ್ಟಿಂಗ್ ರಾಡ್. ಇಲ್ಲದಿರುವುದು: ಎಡಗಡೆ ಸೈಡ್ ಬಾಕ್ಸ್ ಮುಚ್ಚಳ.’

‘ನೋಡಿಸದೇ ಇರುವುದು’ ಎಂಬ ಸಾಲನ್ನು ಬಿಡಬೇಡಿ. ನಂಬಿಕೆ ಹುಟ್ಟಿಸುವ ಸಾಲು ಅದು. ‘ವಿಂಟೇಜ್’ ಅಂತ ಸುಮ್ನೆ ಬರೆಯಬೇಡಿ. 2021ರ ನಿಯಮದ ಪ್ರಕಾರ 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಗಾಡಿಗೆ ಮಾತ್ರ ‘ವಿಎ’ ಅಕ್ಷರದ ವಿಂಟೇಜ್ ನೋಂದಣಿ. ಅದರ ಶುಲ್ಕ 20,000 ರೂಪಾಯಿ, ದಿನನಿತ್ಯ ಓಡಿಸುವಂತೆಯೂ ಇಲ್ಲ. 1986ರ ರೋಡ್‌ಕಿಂಗ್ ಹಳೇ ಗಾಡಿ, ಅಷ್ಟೇ.

ಹಂತ 6: ಬೆಲೆ

ನೀವು ಹಾಕಿದ ದುಡ್ಡನ್ನು ಕೂಡಿಸಿ ಬೆಲೆ ಕಟ್ಟಬೇಡಿ. ಅದೇ ಮಾಡೆಲ್ ಚೆನ್ನಾಗಿ ಓಡುವ ಸ್ಥಿತಿಯಲ್ಲಿ ಎಷ್ಟಕ್ಕೆ ಹೋಗುತ್ತಿದೆ ನೋಡಿ, ಅದರಿಂದ ಕಳೆಯಿರಿ. ಓಡುವ ಗಾಡಿಗೆ 1 ಲಕ್ಷ, ಬಾಕಿ ಕೆಲಸಕ್ಕೆ 25,000 ಅಂತಿಟ್ಟುಕೊಳ್ಳಿ. ನೀವು ಕೇಳಬೇಕಾದ್ದು 75,000 ಅಲ್ಲ, 65,000. ಆ 10,000 ಕೊಳ್ಳುವವರ ಓಡಾಟಕ್ಕೆ ಮತ್ತು ಬಿಚ್ಚಿದಾಗ ಸಿಗುವ ಹೊಸ ತೊಂದರೆಗೆ. ಬಿಡಿಬಿಡಿಯಾಗಿ ಮಾರಿದರೆ ಜಾಸ್ತಿ ಸಿಗುತ್ತದೆ ಎಂದು ಕೆಲವರು ಹೇಳುತ್ತಾರೆ. ಸಿಗಬಹುದು. ಆದರೆ ಕಾಗದ ಸರಿ ಇರುವ ಯೆಜ್ಡಿಯನ್ನು ಕಿತ್ತು ಹಂಚುವುದನ್ನು ನಾನು ಒಪ್ಪುವುದಿಲ್ಲ. ಕಾರ್ಖಾನೆ ಮುಚ್ಚಿದೆ, ಇರುವುದು ಇಷ್ಟೇ ಗಾಡಿ.

ಹಂತ 7: ನೋಡಲು ಬಂದಾಗ

ಅವರು ಬರುವ ಮೊದಲು ಎಂಜಿನ್ ಬಿಸಿ ಮಾಡಿಡಬೇಡಿ. ತಣ್ಣಗಿರುವ ಎಂಜಿನ್ ಮೇಲೆ ಅವರೇ ಕೈಯಿಟ್ಟು ನೋಡಿ ಕಿಕ್ ಹೊಡೆಯಲಿ. ವಿಮೆ ಇಲ್ಲದಿದ್ದರೆ ರಸ್ತೆಗೆ ಬಿಡಬೇಡಿ, ಎಷ್ಟೇ ಒತ್ತಾಯ ಮಾಡಲಿ. ಗಾಡಿ ನೋಡದೆಯೇ ಒಪ್ಪಿ, ‘ನಾನು ಸೇನೆಯಲ್ಲಿದ್ದೇನೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಹಣ ಬರುತ್ತದೆ’ ಅನ್ನುವ ಫೋನು ಬಂದರೆ ಇಟ್ಟುಬಿಡಿ. ಹಣ ಬರಲು ಸ್ಕ್ಯಾನೂ ಬೇಡ, ಪಿನ್ನೂ ಬೇಡ.

ಹಂತ 8: ಹಣ, ಸಹಿ, ಹಸ್ತಾಂತರ

ಹೆಸರು ಬದಲಾವಣೆಯ ಫಾರಂ 29, 30ನ್ನು ತುಂಬದೆ ಖಾಲಿಯಾಗಿಯೇ ಸಹಿ ಹಾಕಿ ಕೊಟ್ಟು ‘ನೀವೇ ಮಾಡಿಸಿಕೊಳ್ಳಿ’ ಅನ್ನುವ ಪದ್ಧತಿ ಎಲ್ಲ ಕಡೆ ಇದೆ. ಇದು ಅಪಾಯ. 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಆ ಗಾಡಿ ಹಲವು ಕೈ ದಾಟಿತ್ತು. ಆದರೂ ಅಪಘಾತದ ಪರಿಹಾರದ ಹೊಣೆ ಬಿದ್ದದ್ದು ಆರ್‌ಟಿಒ ದಾಖಲೆಯಲ್ಲಿ ಹೆಸರಿದ್ದವರ ಮೇಲೆ. ಅರ್ಧ ರೆಡಿಯಾದ ಗಾಡಿಯಲ್ಲಿ ಈ ಅಪಾಯ ಇನ್ನೂ ಜಾಸ್ತಿ. ಕೊಂಡವರು ಅದನ್ನು ಎಂದು ರೆಡಿ ಮಾಡಿ ರಸ್ತೆಗಿಳಿಸುತ್ತಾರೋ ಗೊತ್ತಿಲ್ಲ. ಅಲ್ಲಿಯವರೆಗೂ ಹೆಸರು ನಿಮ್ಮದೇ.

ಫಾರಂಗಳನ್ನು ಪೂರ್ತಿ ತುಂಬಿ, ಚಾಸಿ ಅಚ್ಚು ತೆಗೆದು, ಕೊಳ್ಳುವವರ ಆಧಾರ್ ಪ್ರತಿ ಪಡೆದು, ಸಾಧ್ಯವಾದರೆ ನೀವೂ ಜೊತೆಗೆ ಹೋಗಿ ಅರ್ಜಿ ಹಾಕಿ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ ತಿಳಿಸಬೇಕು. ಕೇರಳ, ತಮಿಳುನಾಡಿನವರು ಕೊಂಡರೆ ಆರ್‌ಟಿಒದ ‘ಅಭ್ಯಂತರ ಇಲ್ಲ’ ಎಂಬ ಪತ್ರ, ಅಂದರೆ ಫಾರಂ 28ರ ಎನ್‌ಒಸಿ ಬೇಕು. ಅಲ್ಲಿ ಹೊಸ ನಂಬರ್ ಬರುತ್ತದೆ. ನಿಮ್ಮದು ಹಳೇ ‘ಎಂವೈ’ ಅಥವಾ ‘ಸಿಎ’ ಸರಣಿಯ ನಂಬರ್ ಆಗಿದ್ದರೆ ಅದು ಹೋಯಿತು ಅಂತಲೇ. ಅಂಥ ಗಾಡಿಯನ್ನು ಸ್ವಲ್ಪ ಕಾದಾದರೂ ಕರ್ನಾಟಕದವರಿಗೇ ಕೊಡಿ.

ಹಣ ಬ್ಯಾಂಕಿಗೆ ಬಂದ ಮೇಲೆ ಡೆಲಿವರಿ ನೋಟ್ ಬರೆಯಿರಿ. ತಾರೀಖು, ಗಂಟೆ, ಎರಡೂ ನಂಬರ್, ಮೂರನೇ ಹಂತದಲ್ಲಿ ಕಂಡ ದೋಷಗಳು, ನಾಲ್ಕನೇ ಹಂತದ ಪಟ್ಟಿ ಎಲ್ಲ ಅದರಲ್ಲಿರಲಿ. ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಆಮೇಲೆ ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ಅರ್ಜಿಯ ಸ್ಥಿತಿ ನೋಡುತ್ತಿರಿ, ತಡವಾದರೆ ಕೊಂಡವರಿಗೆ ಫೋನ್ ಮಾಡಿ ಕೇಳಿ. ಹೊಸ ಹೆಸರು ಬಂದ ಮೇಲೂ ಡೆಲಿವರಿ ನೋಟನ್ನು ಎಸೆಯಬೇಡಿ.