ತೋಟದವರ ಕಾಗದಪತ್ರ, ನನ್ನ ಕಂಪ್ಯೂಟರ್

ಚಿಕ್ಕಮಗಳೂರಿನಲ್ಲಿ ಕಾಫಿ ತೋಟದವರ ಲೆಕ್ಕಪತ್ರ, ತೆರಿಗೆ ಕೆಲಸ ಮಾಡುತ್ತೇನೆ. ಆಲ್ದೂರು, ಮೂಡಿಗೆರೆ, ಕೊಪ್ಪದ ಕಡೆಯಿಂದ ಪಹಣಿ, ಪ್ಯಾನ್, ಆಧಾರ್, ಪಾಸ್‌ಬುಕ್ಕಿನ ಫೋಟೊ ಎಲ್ಲವೂ ಇಮೇಲ್‌ನಲ್ಲೇ ಬರುತ್ತವೆ. ನಾನು ಬಳಸುವುದು ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶ. ಮೇಲ್‌ಗಳು ನನ್ನ ಕಂಪ್ಯೂಟರಿಗೇ ಇಳಿಯುತ್ತವೆ. ಮಳೆಗಾಲದಲ್ಲಿ ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಆದರೆ ಅವನ್ನು ಕಾಯುವ ಹೊಣೆಯೂ ನನ್ನದೇ ಅಲ್ವಾ?

ಥಂಡರ್‌ಬರ್ಡ್ ಮೇಲ್‌ಗಳನ್ನು ಇಡುವ ಪ್ರೊಫೈಲ್ ಫೋಲ್ಡರಿನಲ್ಲಿರುವ ಇನ್‌ಬಾಕ್ಸ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದೆ. ಯಾವ ಬೀಗವೂ ಇಲ್ಲ. ತೋಟದ ರೈಟರೊಬ್ಬರು ಬರೆದು ಕಳಿಸಿದ್ದ ಪ್ಯಾನ್ ನಂಬರ್ ಹಾಗೇ ಕಾಣಿಸಿತು. ಥಂಡರ್‌ಬರ್ಡಿನ ಪ್ರೈಮರಿ ಪಾಸ್‌ವರ್ಡ್ ಹಾಕಿದರೆ ಎಲ್ಲಾ ಭದ್ರ ಅಂತ ತುಂಬ ಜನ ನಂಬಿದ್ದಾರೆ. ಅದು ಕಾಯುವುದು ಉಳಿಸಿಟ್ಟ ಪಾಸ್‌ವರ್ಡುಗಳನ್ನು, ಮೇಲ್‌ಗಳನ್ನಲ್ಲ.

ಅಳಿಸಿದ ಮೇಲ್ ಕೂಡ ಆ ಫೈಲಿನಿಂದ ತಕ್ಷಣ ಹೋಗುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಒಂದು ಸಾಲಿಗೆ ಗೀಟು ಎಳೆದ ಹಾಗೆ, ಅಕ್ಷರ ಕೆಳಗೆ ಇದ್ದೇ ಇರುತ್ತದೆ. ಫೋಲ್ಡರನ್ನು ಕಾಂಪ್ಯಾಕ್ಟ್ ಮಾಡಿದಾಗಲೇ ಅದು ಫೈಲಿನಿಂದ ಹೊರಬೀಳುವುದು. ರಿಟರ್ನ್ ಸಲ್ಲಿಸಿ, ಬೇಕಾದ್ದನ್ನು ತೆಗೆದಿಟ್ಟುಕೊಂಡ ಮೇಲೆ ಉಳಿದದ್ದನ್ನು ಅಳಿಸಿ ಕಾಂಪ್ಯಾಕ್ಟ್ ಮಾಡುತ್ತೇನೆ. ಇದನ್ನು ಬಿಡಲೇಬಾರದು.

ಇಡೀ ಡಿಸ್ಕಿಗೆ ಬೀಗ ಹಾಕುವುದೇ ನಿಜವಾದ ರಕ್ಷಣೆ. ವಿಂಡೋಸ್ ಪ್ರೊ ಇರುವುದರಿಂದ ಅದರಲ್ಲೇ ಇರುವ ಬಿಟ್‌ಲಾಕರ್ ಎಂಬ ಬೀಗ ಹಾಕಿದೆ. ಬೀಗ ತೆರೆಯದಿದ್ದಾಗ ಬೇಕಾಗುವ ಅದರ 48 ಅಂಕೆಗಳ ರಿಕವರಿ ಕೀಯನ್ನು ಪ್ರಿಂಟ್ ತೆಗೆದು ಬೀರುವಿನಲ್ಲಿಟ್ಟಿದ್ದೇನೆ. ರಿಪೇರಿಗೆ ಕೊಡುವಾಗ ಲಾಗಿನ್ ಪಾಸ್‌ವರ್ಡ್ ಕೊಡುವುದಿಲ್ಲ. ಕೊಟ್ಟರೆ ಬೀಗ ಹಾಕಿ ಏನು ಬಂತು? ಬ್ಯಾಕಪ್ ಇರುವ ಪೆನ್‌ಡ್ರೈವಿಗೂ ಬಿಟ್‌ಲಾಕರ್ ಇದೆ. ಬೀಗವಿಲ್ಲದಿದ್ದರೆ ಮೇಲ್ ಫೈಲ್ ಅಲ್ಲೂ ಅಷ್ಟೇ ಬಯಲಾಗಿರುತ್ತದೆ.

ಮೇಲ್ ತೆರೆದಾಗ ಹೊರಗಿನ ಸರ್ವರಿನಿಂದ ಇಳಿಯುವ ಚಿತ್ರಗಳನ್ನು ಥಂಡರ್‌ಬರ್ಡ್ ತಾನಾಗಿಯೇ ತಡೆಯುತ್ತದೆ. ಸುಮ್ನೆ ಅನುಮತಿ ಕೊಡಬೇಡಿ. ಚಿತ್ರ ಇಳಿದರೆ ನೀವು ಮೇಲ್ ತೆರೆದ ಸಮಯ, ಐಪಿ ವಿಳಾಸ ಕಳಿಸಿದವರಿಗೆ ತಿಳಿಯುತ್ತದೆ.

2020ರಲ್ಲಿ ಬಂದ ಥಂಡರ್‌ಬರ್ಡಿನ 78ನೇ ಆವೃತ್ತಿಯಿಂದ, ಪಡೆಯುವವರಷ್ಟೇ ಓದುವಂತೆ ಮೇಲಿಗೆ ಬೀಗ ಹಾಕುವ ಓಪನ್‌ಪಿಜಿಪಿ ಅದರೊಳಗೇ ಇದೆ. ಆದರೆ ಎರಡೂ ಕಡೆ ಕೀ ಬೇಕು, ತೋಟದವರಿಗೆ ಅದು ಜಾಸ್ತಿ ಕೆಲಸ. ಅದಕ್ಕೇ ಪೂರ್ತಿ ನಂಬರ್ ಬೇಡದ ಕಡೆ, ಕೊನೆಯ 4 ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕಳಿಸಿ ಅನ್ನುತ್ತೇನೆ. ಪೂರ್ತಿ ಬೇಕಾದರೆ ಫೋನಿನಲ್ಲೇ ಕೇಳಿ ಬರೆದುಕೊಳ್ಳುತ್ತೇನೆ.